ಎಲ್ಲಿ ಸಿಕ್ತು?

ಗಾಳ ಹಾಕುವವರು ಸುಳ್ಳರು ಎಂಬ ಮಾತು ಎಲ್ಲ ಊರಲ್ಲೂ ಇದೆ. ಆ ಸುಳ್ಳಿನಲ್ಲಿ ಎರಡು ಜಾತಿಯುಂಟು ಎಂಬುದು ಮಾತ್ರ ಒಳಗಿನವರಿಗಷ್ಟೇ ಗೊತ್ತು. ಮೀನಿನ ಉದ್ದ ಹೇಳುವಾಗ ಎರಡೂ ಕೈ ತಾವಾಗಿಯೇ ಅಗಲವಾಗುತ್ತವೆ. ಇದು ನಿರುಪದ್ರವಿ, ಕೇಳುವವನೂ ಕಾಲುಭಾಗ ಕಳೆದೇ ಕೇಳಿಸಿಕೊಳ್ಳುತ್ತಾನೆ. ಎರಡನೆಯದು ಹೊರಡುವುದು "ಎಲ್ಲಿ ಸಿಕ್ತು?" ಎಂದು ಕೇಳಿದಾಗ. ಅಷ್ಟು ಹೊತ್ತು ಬಾಯಿ ಮುಚ್ಚದೆ ಕೊರೆದವನು ಥಟ್ಟನೆ ಮಿತಭಾಷಿಯಾಗುತ್ತಾನೆ. "ಮೇಲ್ಗಡೆ" ಅನ್ನುತ್ತಾನೆ. ಯಾವುದರ ಮೇಲ್ಗಡೆ? "ಸೇತುವೆಯಿಂದ ಸ್ವಲ್ಪ ಮೇಲೆ." ಯಾವ ಸೇತುವೆ? ಅಷ್ಟರಲ್ಲಿ ಅವನಿಗೆ ಕಾರಿನ ಡಿಕ್ಕಿಯಲ್ಲಿ ಏನೋ ತುರ್ತು ಕೆಲಸ ನೆನಪಾಗಿರುತ್ತದೆ.

ನಾನಿರುವುದು ಡೆಟ್ರಾಯ್ಟಿನ ಹೊರವಲಯದಲ್ಲಿ. ಹೊಟ್ಟೆಪಾಡು ಕಾರಿನ ಬ್ರೇಕುಗಳದ್ದು, ಹುಚ್ಚು ಟ್ರೌಟ್ ಮೀನಿನದ್ದು. ಶುಕ್ರವಾರ ಸಂಜೆ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಮೂರು ಗಂಟೆ ಓಡಿಸಿದರೆ ಗ್ರೇಲಿಂಗ್ ಎಂಬ ಪುಟ್ಟ ಪೇಟೆ, ಅದರ ಮಗ್ಗುಲಲ್ಲೇ ಔಸಾಬಲ್ ನದಿ. ಹಿಮನದಿಗಳು ಕರಗಿ ಹೋಗುವಾಗ ಬಿಟ್ಟುಹೋದ ಮರಳಿನ ಸೀಮೆ ಅದು. ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ಮರಳಿನಲ್ಲಿ ಇಂಗಿ, ನೆಲದೊಳಗೆ ತಣ್ಣಗಾಗಿ, ಸಾವಕಾಶವಾಗಿ ಒರತೆಯಾಗಿ ಹೊಳೆಗಿಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲೂ ನೀರು ಕೊರೆಯುತ್ತಿರುತ್ತದೆ. ಹರಿವು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ. ಟ್ರೌಟಿಗೆ ಬೇಕಾದದ್ದು ಇದೇ. ನೀರಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ದಾಟಿತೋ, ಅದಕ್ಕೆ ಏದುಸಿರು ಶುರು. ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿದ್ದನ್ನು ಎಷ್ಟು ಜೋಪಾನವಾಗಿ ನೀರಿಗೆ ಬಿಟ್ಟರೂ ಬದುಕುವ ಖಾತ್ರಿಯಿಲ್ಲ.

ಗ್ರೇಲಿಂಗ್‌ನಿಂದ ಕೆಳಗೆ, ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆಯವರೆಗಿನ ಸುಮಾರು 14 ಕಿಲೋಮೀಟರನ್ನು ಇಲ್ಲಿನವರು 'ಹೋಲಿ ವಾಟರ್ಸ್' ಅನ್ನುತ್ತಾರೆ. ಅಲ್ಲಿ ಎರೆಹುಳ ಚುಚ್ಚುವಂತಿಲ್ಲ; ಕೊಕ್ಕೆಗೆ ಗರಿ, ನೂಲು, ಜಿಂಕೆ ಕೂದಲು ಸುತ್ತಿ ಹುಳದ ರೂಪ ಕೊಟ್ಟ 'ಫ್ಲೈ' ಮಾತ್ರ. ಹಿಡಿದ ಟ್ರೌಟನ್ನು ಬಿಡಲೇಬೇಕು. ಇದನ್ನು ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಬಿಟ್ಟು ಬರೋಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ? ಮನೇಲೇ ಕೂತಿದ್ರೂ ಅವು ಹೊಳೇಲೇ ಇರ್ತಿದ್ವಲ್ಲ" ಅಂದಳು. ಈ ಮಾತಿಗೆ ಅಮೆರಿಕದ ಯಾವ ಮೀನು ಶಾಸ್ತ್ರಜ್ಞನೂ ಉತ್ತರ ಕೊಟ್ಟದ್ದು ನಾನು ಕಂಡಿಲ್ಲ.

ಗಾಳದವರ ಈ ಲೋಕದಲ್ಲಿ ಈಗ ನಡೆಯುತ್ತಿರುವ ದೊಡ್ಡ ಜಗಳ ಮೀನಿನದ್ದಲ್ಲ, ಫೋನಿನದ್ದು. ಯಾರೋ ಒಬ್ಬ ಯಾವುದೋ ಕಾಡಿನ ಹಳ್ಳದಲ್ಲಿ ಒಳ್ಳೆಯ ಮೀನು ಹಿಡಿಯುತ್ತಾನೆ, ಫೋಟೊ ತೆಗೆದು ಎಲ್ಲರಿಗೂ ಕಾಣುವಂತೆ ಹಾಕುತ್ತಾನೆ, ಜೊತೆಗೆ ಹಳ್ಳದ ಹೆಸರನ್ನೂ ಹಾಕುತ್ತಾನೆ. ಅವತ್ತು ರಾತ್ರಿಯೊಳಗೆ ಅವನ ಮೇಲೆ ಬೈಗುಳದ ಮಳೆ. ಹೆಸರು ಹಾಕದಿದ್ದರೂ ಬಚಾವಾಗುವಂತಿಲ್ಲ. ಮಿಶಿಗನ್‌ನ ಈ ಭಾಗ ಹೆಚ್ಚುಕಡಿಮೆ ಚಪ್ಪಟೆ, ಗುರುತಿಗೆ ಒಂದು ದೊಡ್ಡ ಬೆಟ್ಟವಿಲ್ಲ. ಆದರೂ ಹಿಂದೆ ಕಾಣುವ ವಾಲಿದ ಸೀಡರ್ ಮರ, ಅದರಲ್ಲಿ ಸಿಕ್ಕಿಕೊಂಡ ದಿಮ್ಮಿ, ದಡದ ಮೇಲಿನ ಮನೆಯ ಹಸಿರು ಸೂರಿನ ಒಂದು ಮೂಲೆ ಇಷ್ಟರಿಂದಲೇ ಜಾಗ ಹೇಳಿಬಿಡುವ ಪತ್ತೇದಾರರಿದ್ದಾರೆ. ಇದಕ್ಕೆ ಹೆದರಿದವರು ಫೋಟೊ ಕತ್ತರಿಸುತ್ತಾ ಕತ್ತರಿಸುತ್ತಾ ಕೊನೆಗೆ ಎರಡು ಕೈ, ಒಂದು ಮೀನು, ಸುತ್ತ ಮಸುಕು ಇಷ್ಟೇ ಉಳಿಸುತ್ತಾರೆ. ನೋಡಿದರೆ ಮೀನು ಆಕಾಶದಿಂದ ಉದುರಿದ್ದೆನ್ನಬೇಕು.

ನನಗೆ ಈ ಗುಟ್ಟುಗಾರಿಕೆ ಹೊಸತಲ್ಲ. ನಮ್ಮ ಮಲೆನಾಡಿನಲ್ಲಿ ಅಣಬೆ ಏಳುವ ಜಾಗ ಗೊತ್ತಿದ್ದ ಹೆಂಗಸರು ಅದನ್ನು ಸ್ವಂತ ಸೊಸೆಗೂ ಹೇಳುತ್ತಿರಲಿಲ್ಲ. ಗುಡುಗಿನ ಮಳೆ ಬಿದ್ದ ಮರುದಿನ ನಸುಕಿಗೇ ಎದ್ದು, ಬುಟ್ಟಿಯ ಮೇಲೆ ಸೊಪ್ಪು ಮುಚ್ಚಿಕೊಂಡು, ಬೇಕೆಂದೇ ತೋಟದ ಕಡೆಯಿಂದ ಬಳಸಿಕೊಂಡು ಬರುತ್ತಿದ್ದರು. ಸಾರು ಮಾತ್ರ ನಾಲ್ಕು ಮನೆಗೆ ಹೋಗುತ್ತಿತ್ತು. ಗಾಳದವರದೂ ಇದೇ ಜಾಯಮಾನ: ಸಾರು ಹಂಚುತ್ತಾರೆ, ಜಾಗ ಹಂಚುವುದಿಲ್ಲ. 'ಆಡಮ್ಸ್' ಎಂಬ ಬೂದು ಬಣ್ಣದ ಫ್ಲೈಯನ್ನೇ ನೋಡಿ. 1922ರಲ್ಲಿ ಇದೇ ಮಿಶಿಗನ್‌ನ ಮೇಫೀಲ್ಡ್ ಎಂಬಲ್ಲಿ ಲೆನ್ ಹ್ಯಾಲಡೆ ಎಂಬಾತ ಅದನ್ನು ಕಟ್ಟಿ ಗೆಳೆಯ ಚಾರ್ಲ್ಸ್ ಆಡಮ್ಸ್ ಕೈಗಿಟ್ಟ. ಆತ ಬೋರ್ಡ್‌ಮನ್ ಹೊಳೆಯಲ್ಲಿ ಪರೀಕ್ಷಿಸಿ ನೋಡಿದ. ಇವತ್ತು ಜಗತ್ತಿನ ಯಾವ ಟ್ರೌಟ್ ಹೊಳೆಗೆ ಹೋದರೂ ಗಾಳದವರ ಡಬ್ಬಿಯಲ್ಲಿ ಅದೊಂದು ಇದ್ದೇ ಇರುತ್ತದೆ. ಕಟ್ಟುವ ಬಗೆಯನ್ನು ಯಾರೂ ಯಾರಿಂದಲೂ ಮುಚ್ಚಿಡಲಿಲ್ಲ. ಅದೇ ಜನ ಆ ಫ್ಲೈಯನ್ನು ಎಲ್ಲಿ ಎಸೆದಿರಿ ಎಂದು ಕೇಳಿದರೆ ಕಿವುಡರಾಗುತ್ತಾರೆ.

ಬರಹಗಾರರೂ ಇದಕ್ಕೆ ಹೊರತಲ್ಲ. ಹೆಮಿಂಗ್ವೆ 1919ರಲ್ಲಿ, ಮೊದಲ ಮಹಾಯುದ್ಧದ ಗಾಯ ಮಾಗಿದ ಮೇಲೆ, ಗೆಳೆಯರ ಜೊತೆ ಮಿಶಿಗನ್‌ನ ಉತ್ತರ ಭಾಗಕ್ಕೆ ಹೋಗಿ ಸೀನಿ ಎಂಬ ಊರಿನ ಹತ್ತಿರ ಫಾಕ್ಸ್ ನದಿಯಲ್ಲಿ ಟ್ರೌಟ್ ಹಿಡಿದ. 1925ರಲ್ಲಿ ಕತೆ ಅಚ್ಚಾದಾಗ ಅದರಲ್ಲಿ ಸೀನಿ ಇತ್ತು, ಸುಟ್ಟುಹೋದ ಊರಿತ್ತು, ಮೀನಿತ್ತು. ಹೊಳೆಯ ಹೆಸರು ಮಾತ್ರ ಬೇರೆ. ಅಲ್ಲಿಂದ ದೂರದಲ್ಲಿ ಹರಿಯುವ ಟೂ ಹಾರ್ಟೆಡ್ ಎಂಬ ನದಿಯ ಹೆಸರನ್ನು ಎತ್ತಿ ಕತೆಗೆ ಇಟ್ಟುಬಿಟ್ಟಿದ್ದ. ಆ ಹೆಸರಿನಲ್ಲಿ ಕಾವ್ಯವಿದೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟ. ಗಾಳದವರು ಯಾರೂ ಇದನ್ನು ನಂಬುವುದಿಲ್ಲ. ಕಾವ್ಯವಂತೆ! ಜಾಗ ಮುಚ್ಚಿಟ್ಟ ಅಷ್ಟೆ. ಕತೆ ಓದಿ ಟೂ ಹಾರ್ಟೆಡ್‌ಗೆ ಯಾತ್ರೆ ಹೋದವರು ಎಷ್ಟು ಜನವೋ. ಅಷ್ಟೂ ವರ್ಷ ಫಾಕ್ಸ್‌ನ ಮೀನುಗಳು ಸ್ವಲ್ಪ ನೆಮ್ಮದಿಯಾಗಿ ಉಂಡಿರಬೇಕು. ಜಾನ್ ವೋಲ್ಕರ್ ಇನ್ನೂ ಒಂದು ಹೆಜ್ಜೆ ಮುಂದೆ. ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ರಾಬರ್ಟ್ ಟ್ರೇವರ್ ಎಂಬ ಹೆಸರಲ್ಲಿ 1958ರಲ್ಲಿ ಪ್ರಕಟಿಸಿದ 'ಅನಾಟಮಿ ಆಫ್ ಎ ಮರ್ಡರ್' ಕಾದಂಬರಿ ಭರ್ಜರಿಯಾಗಿ ಮಾರಾಟವಾದದ್ದೇ, ಪೀಠ ಬಿಟ್ಟು ಗಾಳ ಹಿಡಿದು ಕೂತರು. ಫ್ರೆಂಚ್‌ಮನ್ಸ್ ಪಾಂಡ್ ಎಂಬ ತಮ್ಮ ಕೆರೆಯ ಬಗ್ಗೆ ಪುಟಗಟ್ಟಲೆ ಬರೆದರು, ಅದಿರುವ ದಾರಿಯನ್ನು ಮಾತ್ರ ಬರೆಯಲಿಲ್ಲ. ಜನ್ಮವಿಡೀ ಸಾಕ್ಷಿಗಳ ಬಾಯಿ ಬಿಡಿಸಿದ ಮನುಷ್ಯ!

ಇದನ್ನೆಲ್ಲ ಓದಿ, ಅಂತರ್ಜಾಲ ಬರುವುದಕ್ಕೆ ಮುಂಚೆ ಎಲ್ಲವೂ ಗುಟ್ಟಾಗಿತ್ತು, ಆದ್ದರಿಂದ ಎಲ್ಲವೂ ಸರಿಯಾಗಿತ್ತು ಎಂದುಕೊಂಡರೆ ತಪ್ಪು. ಗ್ರೇಲಿಂಗ್ ಊರಿಗೆ ಆ ಹೆಸರು ಬಂದದ್ದು ಒಂದು ಮೀನಿನಿಂದ. ಬೆನ್ನ ಮೇಲೆ ಹಾಯಿಪಟದಷ್ಟು ಅಗಲದ ರೆಕ್ಕೆ, ಅದರ ತುಂಬ ಚುಕ್ಕೆ, ಹಸಿದರೆ ಯಾವ ಫ್ಲೈಗೂ ಬಾಯಿ ಹಾಕುವ ಮುಗ್ಧ. 1870ರ ದಶಕದಲ್ಲಿ ರೈಲು ಬಂತು. ಗ್ರ್ಯಾಂಡ್ ರ‍್ಯಾಪಿಡ್ಸ್ ಅಂಡ್ ಇಂಡಿಯಾನಾ ಎಂಬ ರೈಲು ಕಂಪನಿಯಂತೂ ತನ್ನ ಮಾರ್ಗಕ್ಕೆ 'ಫಿಶಿಂಗ್ ಲೈನ್' ಎಂದೇ ಹೆಸರಿಟ್ಟು, ಯಾವ ನಿಲ್ದಾಣದಲ್ಲಿ ಇಳಿದರೆ ಯಾವ ಮೀನು ಎಂದು ಜಾಹೀರಾತು ಕೊಡುತ್ತಿತ್ತು. ಶಿಕಾಗೊದಿಂದ, ಡೆಟ್ರಾಯ್ಟಿನಿಂದ ಕೋಲು ಹಿಡಿದು ಬಂದವರು ಬಂದೇ ಬಂದರು. ಹಿಡಿದದ್ದು ಪೀಪಾಯಿಗಳಲ್ಲಿ ತುಂಬಿ ಪಟ್ಟಣಕ್ಕೆ ಹೋಯಿತು. ಗಾಳವೊಂದನ್ನೇ ದೂರಿ ಪ್ರಯೋಜನವಿಲ್ಲ. ಬಿಳಿ ಪೈನ್ ಕಾಡನ್ನೆಲ್ಲ ಕಡಿದು, ದಿಮ್ಮಿಗಳನ್ನು ಹೊಳೆಯಲ್ಲೇ ತೇಲಿಬಿಟ್ಟು, ಮೀನು ಮೊಟ್ಟೆಯಿಡುವ ಜಲ್ಲಿ ಹಾಸನ್ನು ಕೆರೆದು ಹಾಕಿದರು. ನೆರಳು ಹೋಗಿ ನೀರು ಬಿಸಿಯಾಯಿತು, ದಡ ಕುಸಿದು ಮರಳು ತುಂಬಿತು. ಸಾಲದೆಂದು ಬೇರೆ ಮೀನುಗಳನ್ನು ತಂದು ಬಿಟ್ಟರು. 1930ರ ದಶಕ ಮುಗಿಯುವ ಹೊತ್ತಿಗೆ ಇಡೀ ಮಿಶಿಗನ್‌ನಲ್ಲಿ ಒಂದೇ ಒಂದು ಗ್ರೇಲಿಂಗ್ ಇರಲಿಲ್ಲ. ಊರಿಗೆ ಮಾತ್ರ ಹೆಸರು ಉಳಿಯಿತು. ಈಗ ಅಲಾಸ್ಕಾದ ತಳಿಯಿಂದ ಮೊಟ್ಟೆ ಪಡೆದು, ಇಲ್ಲಿನ ಮೂಲನಿವಾಸಿ ಪಂಗಡಗಳೂ ರಾಜ್ಯ ಸರ್ಕಾರವೂ ಸೇರಿ 2025ರಲ್ಲಿ ಮೂರು ನದಿಗಳಲ್ಲಿ ಮತ್ತೆ ಹಾಕಿದ್ದಾರೆ. ಹಿಡಿಯುವಷ್ಟು ಬೆಳೆಯುತ್ತವೋ ಇಲ್ಲವೋ ನೋಡಬೇಕು.

ಇವತ್ತು ಔಸಾಬಲ್‌ನಲ್ಲಿರುವ ಟ್ರೌಟುಗಳೆಲ್ಲ ನನ್ನ ಹಾಗೆ ಹೊರಗಿನಿಂದ ಬಂದು ನೆಲೆ ನಿಂತವು. ರೇನ್‌ಬೋ ಕ್ಯಾಲಿಫೋರ್ನಿಯಾದ ಕಡೆಯದು. ಬ್ರೌನ್ ಜರ್ಮನಿಯದು, 1884ರಲ್ಲಿ ಇದೇ ರಾಜ್ಯದ ಬಾಲ್ಡ್‌ವಿನ್ ಹೊಳೆಗೆ ಅದರ ಮರಿ ಬಿಟ್ಟರು. ಬ್ರೂಕ್ ಟ್ರೌಟನ್ನೂ ಜನರೇ ತಂದು ಬಿಟ್ಟದ್ದು. ಇವುಗಳ ವೀಸಾ ಯಾರೂ ಕೇಳುವುದಿಲ್ಲ. ಹೊಳೆಯ ದಡದ ಮನೆಯವರು "ಇದು ನಮ್ಮ ಮಡು, ಅಜ್ಜನ ಕಾಲದ್ದು" ಎಂದು ಗತ್ತಿನಿಂದ ಹೇಳುವಾಗ ನನಗೆ ಈ ಬ್ರೌನ್ ಟ್ರೌಟಿನ ಮುಖ ನೆನಪಾಗುತ್ತದೆ.

ಯಾಕೆಂದರೆ ಗುಟ್ಟು ಎಂಬುದು ಅಜ್ಜ ಇದ್ದವರ ಆಸ್ತಿ. ಹೊಳೆ ಪಕ್ಕ ಕ್ಯಾಬಿನ್ ಕಟ್ಟಿಸಿದ ಅಜ್ಜ, ಕೈ ಹಿಡಿದು ನೀರಿಗಿಳಿಸಿದ ಚಿಕ್ಕಪ್ಪ, ಶನಿವಾರ ಜೊತೆಗೆ ಕರೆದೊಯ್ಯುವ ನೆರೆಯಾತ ಇವರೆಲ್ಲ ಇದ್ದವರಿಗೆ ಅಂತರ್ಜಾಲ ಬೇಕಾಗಿಯೇ ಇಲ್ಲ. ಅವರೇ "ಜಾಗ ಹಾಕಬೇಡಿ, ಕಷ್ಟಪಟ್ಟು ಹುಡುಕಿಕೊಳ್ಳಲಿ" ಎಂದು ಗಟ್ಟಿಯಾಗಿ ಹೇಳುವವರು. ನಾನು ಬಂದಾಗ ನನಗೆ ಇಲ್ಲಿ ಅಜ್ಜ ಇರಲಿಲ್ಲ. ತುಂಗೆಯಲ್ಲಿ ಬಿದಿರಿನ ಕೋಲಿಗೆ ದಾರ ಕಟ್ಟಿ ಹಿಡಿದ ಅನುಭವ, ತೇಜಸ್ವಿಯವರನ್ನು ಓದಿ ಹತ್ತಿದ ಮರುಳು, ಇಷ್ಟೇ ಬಂಡವಾಳ. ಕಾಡಿನ ಮಣ್ಣುದಾರಿಯ ಕೊನೆಯಲ್ಲಿ ಕಾರು ನಿಲ್ಲಿಸಲು ಹೆದರಿಕೆ. ಯಾರ ಜಮೀನೋ, ಯಾರ ಬಂದೂಕೋ. ನಮ್ಮ ಬಣ್ಣದವನು ಮುಸ್ಸಂಜೆಯಲ್ಲಿ ಇನ್ನೊಬ್ಬರ ಹಿತ್ತಿಲ ಹತ್ತಿರ ರಬ್ಬರ್ ಪ್ಯಾಂಟು ತೊಟ್ಟು ಓಡಾಡುವುದು ಎಲ್ಲರಿಗೂ ಸಹಜವಾಗಿ ಕಾಣುವುದಿಲ್ಲ. ಎಲ್ಲಿ ಇಳಿಯಬಹುದು, ಎಲ್ಲಿ ಸಾರ್ವಜನಿಕ ದಾರಿ ಇದೆ ಎಂದು ತಿಳಿದದ್ದು ಸರ್ಕಾರ ಅಂತರ್ಜಾಲದಲ್ಲಿ ಇಟ್ಟ ನಕ್ಷೆಯಿಂದ, ಮುಖ ನೋಡದ ಯಾರೋ ಪುಣ್ಯಾತ್ಮರು ಬರೆದಿಟ್ಟ ಟಿಪ್ಪಣಿಗಳಿಂದ. ಆದ್ದರಿಂದ ಜಾಗ ಹೇಳುವವರನ್ನು ಸಾರಾಸಗಟಾಗಿ ಬೈಯುವವರ ಗುಂಪಿಗೆ ನಾನು ಸೇರಲಾರೆ.

ಇಳಿಯುವ ಹಕ್ಕು ಸಿಕ್ಕಿದ್ದರ ಹಿಂದೆಯೂ ಒಂದು ಜಗಳವಿದೆ. ಪೈನ್ ನದಿಯಲ್ಲಿ ಗೆರ್‌ಹಾರ್ಟ್ ಎಂಬಾತ ನೀರಿನಲ್ಲಿ ನಡೆಯುತ್ತ ಟ್ರೌಟ್ ಹಿಡಿಯುತ್ತಿದ್ದ. ಎರಡೂ ದಡದ ಜಮೀನು ತನ್ನದು, ಆದ್ದರಿಂದ ನಡುವಿನ ಹೊಳೆಯೂ ತನ್ನದು ಎಂದು ಕಾಲಿನ್ಸ್ ಎಂಬ ಜಮೀನ್ದಾರ ಕೋರ್ಟಿಗೆ ಹೋದ. 1926ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಗಾಳದವನ ಪರ ನಿಂತಿತು. ಅದು ಹಿಡಿದ ಅಳತೆಗೋಲು ಮಜಾ ಇದೆ: ಹಿಂದೆ ಆ ಹೊಳೆಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದರಲ್ಲ, ದಿಮ್ಮಿ ತೇಲುವಷ್ಟು ನೀರಿದ್ದರೆ ಹೊಳೆ ಎಲ್ಲರದು. ಗ್ರೇಲಿಂಗ್ ಮೀನನ್ನು ಮುಗಿಸಿದ ಆ ದಿಮ್ಮಿಗಳೇ ನನ್ನಂಥವನಿಗೆ ಹೊಳೆಯ ಬಾಗಿಲು ತೆಗೆದವು.

ಹೊಳೆಗಿಳಿಯುವುದು ಬೇರೆ, ಮಡು ಸಿಗುವುದು ಬೇರೆ. ಅದನ್ನು ನನಗೆ ತೋರಿಸಿದವರು ಒಬ್ಬ ಮುದುಕ, ನಿವೃತ್ತ ಕೊಳಾಯಿ ಕೆಲಸಗಾರ. ಗಾಳದ ಅಂಗಡಿಯಲ್ಲಿ ಪರಿಚಯ. ನಾನು ಕಟ್ಟಿದ ಫ್ಲೈ ನೋಡಿ "ಇದು ಹುಳವೋ ಪೊರಕೆಯೋ?" ಎಂದು ಕೇಳಿದ್ದರಿಂದ ಸ್ನೇಹ ಶುರುವಾಯಿತು. ಜೂನ್ ಕೊನೆಯಲ್ಲಿ ಇಲ್ಲಿ 'ಹೆಕ್ಸ್' ಎಂಬ ಹುಳ ಏಳುತ್ತದೆ. ಹೊಳೆಯಂಚಿನ ಕೆಸರಿನಲ್ಲಿ ಬಿಲ ಮಾಡಿಕೊಂಡು ಬೆಳೆದದ್ದು, ಸೆಕೆಯ ರಾತ್ರಿ ಒಂದೇ ಸಲಕ್ಕೆ ಸಾವಿರಗಟ್ಟಲೆ ರೆಕ್ಕೆ ಬಿಚ್ಚಿ ಮೇಲೇಳುತ್ತದೆ. ಒಂದೊಂದೂ ಬೆರಳಿನ ಒಂದೂವರೆ ಗೆಣ್ಣಿನಷ್ಟು. ವರ್ಷವಿಡೀ ಬೇರುಗಳಡಿ ಅಡಗಿರುವ ಮುದಿ ಬ್ರೌನ್ ಟ್ರೌಟುಗಳು ಆ ನಾಲ್ಕು ದಿನ ನಾಚಿಕೆ ಬಿಟ್ಟು ಮೇಲೆ ಬರುತ್ತವೆ. ಜೂನ್‌ನಲ್ಲಿ ಇಲ್ಲಿ ಕತ್ತಲಾಗುವುದೇ ಹತ್ತು ಗಂಟೆಗೆ. ಮಧ್ಯಾಹ್ನದಿಂದಲೇ ಜನ ಬಂದು ಒಂದೊಂದು ತಿರುವಿನಲ್ಲಿ ಒಬ್ಬೊಬ್ಬರು, ಸೊಳ್ಳೆ ಹೊಡೆಯುತ್ತ, ಜಾಗ ಕಾಯ್ದುಕೊಂಡು ಕೂತಿರುತ್ತಾರೆ. ಮುದುಕ ನನ್ನನ್ನು ಕರೆದುಕೊಂಡು ಹೋದದ್ದು ಸೀಡರ್ ಮರಗಳ ನಡುವೆ ಕಾಲುದಾರಿಯೂ ಇಲ್ಲದ ಒಂದು ಮಡುವಿಗೆ. ಕೂತೆವು. ಟಾರ್ಚು ಹಚ್ಚಬಾರದು, ಮೀನು ಬೆದರುತ್ತದೆ. ಕತ್ತಲೆಯಲ್ಲಿ ಮೊದಲು ಕೆನ್ನೆಗೆ, ಕಿವಿಗೆ, ಕನ್ನಡಕಕ್ಕೆ ಹುಳ ಬಡಿಯತೊಡಗಿತು. ಆಮೇಲೆ ನೀರಿನಲ್ಲಿ 'ಗುಳುಂ' ಎಂಬ ಸದ್ದು, ಎಮ್ಮೆ ಕಾಲು ಕಿತ್ತಂತೆ. ಕಣ್ಣಿಗೆ ಏನೂ ಕಾಣದು. ಸದ್ದಿನ ಕಡೆಗೆ ಲೆಕ್ಕ ಹಾಕಿ ಎಸೆಯಬೇಕು, ಇನ್ನೊಂದು ಸದ್ದಾದಾಗ ಅದು ನನ್ನ ಹುಳವನ್ನು ನುಂಗಿದ್ದೋ ನಿಜವಾದ ಹುಳವನ್ನೋ ಎಂದು ಊಹಿಸಿ ಎಳೆಯಬೇಕು. ಮುದುಕ ಹಿಂದಿನಿಂದ ಪಿಸುಗುಟ್ಟುತ್ತಲೇ ಇದ್ದರು: "ಎಡಕ್ಕೆ... ಇನ್ನೂ ಎಡಕ್ಕೆ... ಅದು ನನ್ನ ಟೋಪಿ."

ವಾಪಸು ನಡೆಯುವಾಗ ಅವರು ಹಾಕಿದ ಕಟ್ಟಳೆ ಎರಡೇ. ಈ ಜಾಗಕ್ಕೆ ನಾನು ಬದುಕಿರುವವರೆಗೆ ನೀನೊಬ್ಬನೇ ಬಾ. ಆಮೇಲೆ ಒಬ್ಬರಿಗೆ ತೋರಿಸು, ಆದರೆ ಮೊದಲು ಅವರನ್ನು ಆಗಸ್ಟ್ ತಿಂಗಳ ದಿಮ್ಮಿ ಕೆಲಸಕ್ಕೆ ಕರೆದುಕೊಂಡು ಬಾ. ದಿಮ್ಮಿ ಕೆಲಸ ಅಂದರೆ, ಕಾಡು ಕಡಿದ ಕಾಲದಲ್ಲಿ ಹೊಳೆ ಕಳೆದುಕೊಂಡ ಮರಗಳನ್ನು ವಾಪಸು ಕೊಡುವುದು. ಬೇರು ಸಮೇತ ಮರ ತಂದು, ಸೊಂಟದ ಮಟ್ಟದ ಕೊರೆಯುವ ನೀರಿನಲ್ಲಿ ನಿಂತು ದಡಕ್ಕೆ ಆನಿಸಿ ಮುಳುಗಿಸುತ್ತೇವೆ. ಅದರಡಿಯಲ್ಲಿ ಮೀನಿಗೆ ನೆರಳು, ಮರಳಿಗೆ ತಡೆ. ಬೆನ್ನು ಮೂರು ದಿನ ಹಿಡಿದುಕೊಂಡಿರುತ್ತದೆ.

ಇದೇ ಮಡುವಿನ ಗುರುತನ್ನು ಮುದುಕ ಫೋನಿನಲ್ಲಿ 'ಲೊಕೇಶನ್' ಎಂದು ಕಳಿಸಿದ್ದರೆ ನನಗೆ ಅಷ್ಟೇ ಚೆನ್ನಾಗಿ ದಾರಿ ತಿಳಿಯುತ್ತಿತ್ತು. ಕಟ್ಟಳೆ ಮಾತ್ರ ಬರುತ್ತಿರಲಿಲ್ಲ. ಒಬ್ಬನ ಮುಖ ನೋಡಿ ಹೇಳಿದವನು ಅವನು ಮಾಡುವ ಕಿತಾಪತಿಗೂ ಹೊಣೆ. ಹತ್ತು ಸಾವಿರ ಜನಕ್ಕೆ ಒಟ್ಟಿಗೆ ಹೇಳಿದವನು ಯಾರಿಗೂ ಹೊಣೆಯಲ್ಲ.

ಇದರ ಫಲ ಏನಾಗುತ್ತದೆಂದು ಒಂದು ಹಳ್ಳದಲ್ಲಿ ಕಂಡಿದ್ದೇನೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅಗಲ ಎಷ್ಟೆಂದರೆ ಕೆಲವು ಕಡೆ ಹಾರಿ ದಾಟಬಹುದು. ಅಲ್ಲಿರುವುದು ಬ್ರೂಕ್ ಟ್ರೌಟ್. ಅಂಗೈಯಗಲದ ಮೀನು, ಬೆನ್ನ ಮೇಲೆ ಹುಳು ಹರಿದಂಥ ಗೆರೆ, ಮೈಗೆ ನೀಲಿ ಬಳೆ ತೊಟ್ಟ ಕೆಂಪು ಚುಕ್ಕೆ, ಹೊಟ್ಟೆಯಡಿಯ ರೆಕ್ಕೆಗಳ ಅಂಚಿಗೆ ಸುಣ್ಣದ ಬಿಳಿ. ಯಾರೋ ಡ್ರೋನ್ ಹಾರಿಸಿ ಸಂಗೀತ ಸೇರಿಸಿ ವಿಡಿಯೊ ಮಾಡಿ ಹೆಸರು ಸಮೇತ ಹಾಕಿದರು. ಮುಂದಿನ ಬೇಸಿಗೆಗೆ ಮಣ್ಣುದಾರಿಯ ಕೊನೆಯ ಹುಲ್ಲು ಚಕ್ರಕ್ಕೆ ಸಿಕ್ಕಿ ಹೋಗಿತ್ತು. ಎರಡೂ ದಡದಲ್ಲಿ ದಾರಿ ಬಿದ್ದು ಸೀಡರ್ ಬೇರುಗಳು ಚರ್ಮ ಸುಲಿದು ಬಿಳಿಯಾಗಿದ್ದವು. ಇಳಿಯುವ ಕಡೆಯೆಲ್ಲ ದಡ ಜರಿದು ಮರಳು ನೀರಿಗೆ ಹೋಗಿ, ಜಲ್ಲಿಯ ಮೇಲೆ ಕೂತಿತ್ತು. ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ ಮೊಟ್ಟೆಯಿಡುವುದು ಆ ಜಲ್ಲಿಯ ಸಂದಿಯಲ್ಲಿ. ಚಳಿಗಾಲವಿಡೀ ಮೊಟ್ಟೆಗೆ ಉಸಿರು ಕೊಡುವುದು ಆ ಸಂದಿಯಲ್ಲಿ ಹರಿಯುವ ನೀರು. ಮರಳು ಕೂತರೆ ಮುಗಿಯಿತು. ಬಂದವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಮೀನನ್ನು ಬಿಟ್ಟೇ ಹೋದರು. ಹಳ್ಳಕ್ಕೆ ಭಾರವಾದದ್ದು ಅವರ ಕಾಲು.

ಕಾಲಿಗೆ ಅಂಟಿ ಬರುವುದು ಇನ್ನೊಂದು ಪೀಡೆ. ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಬಸವನಹುಳು, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು. ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆದ್ದರಿಂದ ಒಂದೇ ಒಂದು ಬಂದರೂ ಸಂಸಾರ ಶುರು. ಮೀನು ನುಂಗಿದರೆ ಜೀರ್ಣವಾಗದೆ ಹಾಗೇ ಹೊರಬರುವುದೂ ಉಂಟು. 2015ರಲ್ಲಿ ಪೇರ್ ಮಾರ್ಕೆಟ್ ನದಿಯಲ್ಲಿ ಕಂಡಿತು, ಮರುವರ್ಷ ಔಸಾಬಲ್‌ನಲ್ಲಿ. 2021ರಲ್ಲಿ ಮ್ಯಾನಿಸ್ಟೀ ನದಿಯ ಮೇಲ್ಭಾಗದಲ್ಲಿ ಡಿಡಿಮೊ ಎಂಬ ಪಾಚಿ. ಕಲ್ಲಿನ ಮೇಲೆ ಸಿಂಬಳ ಸುರಿದಂತೆ ಹಬ್ಬುತ್ತದೆ. ಒಂದು ಹೊಳೆಯ ಬೂಟನ್ನು ಉಜ್ಜಿ ತೊಳೆದು ಒಣಗಿಸದೆ ಇನ್ನೊಂದಕ್ಕೆ ಇಳಿಯಬೇಡಿ ಎಂದು ದಡದಲ್ಲಿ ಬೋರ್ಡು ಇದೆ, ಬ್ರಷ್ಷೂ ಇದೆ. ವಿಡಿಯೊ ನೋಡಿ ಒಂದೇ ದಿನಕ್ಕೆ ಮೂರು ಹೊಳೆ ಮುಗಿಸಲು ಹೊರಟವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕೇ? ಸಾಲದು ಅನ್ನುವುದಕ್ಕೂ ಔಸಾಬಲ್ ನದಿಯೇ ಸಾಕ್ಷಿ. ಹೋಲಿ ವಾಟರ್ಸ್‌ಗಿಂತ ಸ್ವಲ್ಪ ಮೇಲೆ, ಗ್ರೇಲಿಂಗ್ ಊರೊಳಗಿನ ಹಳೆಯ ಮೀನುಮರಿ ಕೇಂದ್ರದಲ್ಲಿ ವರ್ಷಕ್ಕೆ 3 ಲಕ್ಷ ಪೌಂಡ್ ಮೀನು ಸಾಕಲು 2014ರಲ್ಲಿ ಅನುಮತಿ ಸಿಕ್ಕಿತು. ಅಷ್ಟು ಮೀನಿನ ಕಸವೆಲ್ಲ ಹೊಳೆಗೆ ಬರುವುದಿತ್ತು. 'ಆಂಗ್ಲರ್ಸ್ ಆಫ್ ದಿ ಔಸಾಬಲ್' ಸಂಘದವರು ದುಡ್ಡು ಕೂಡಿಸಿ, ವಕೀಲರನ್ನು ಹಿಡಿದು, ವರ್ಷಗಟ್ಟಲೆ ಹೊಡೆದಾಡಿ 2018ರಲ್ಲಿ ರಾಜಿಯಾಗುವಂತೆ ಮಾಡಿದರು, ಸಾಕಣೆ ನಿಂತಿತು. ಹೆಸರೇ ಯಾರಿಗೂ ಗೊತ್ತಿಲ್ಲದ ಹೊಳೆಯಾಗಿದ್ದರೆ ದೇಣಿಗೆಯ ಡಬ್ಬಿಗೆ ಯಾರು ಹಾಕುತ್ತಿದ್ದರು? ಅಮೆರಿಕದ ಟ್ರೌಟ್ ಹೊಳೆಗಳಿಗೆಲ್ಲ ದನಿಯಾಗಿರುವ 'ಟ್ರೌಟ್ ಅನ್‌ಲಿಮಿಟೆಡ್' ಹುಟ್ಟಿದ್ದೂ 1959ರಲ್ಲಿ ಈ ನದಿಯ ದಡದ ಒಂದು ಮನೆಯಲ್ಲಿ. ನ್ಯಾಶ್ ಕಾರು ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಔಸಾಬಲ್‌ನ ದಕ್ಷಿಣ ಕವಲಿನಲ್ಲಿದ್ದ ತನ್ನ ಜಮೀನನ್ನು ಕಾಡಾಗಿಯೇ ಇರಲಿ ಎಂದು ರಾಜ್ಯಕ್ಕೆ ಉಯಿಲು ಬರೆದು 1954ರಲ್ಲಿ ತೀರಿಕೊಂಡ. ಕಾರಿನ ದುಡ್ಡು ಒಮ್ಮೊಮ್ಮೆ ಒಳ್ಳೆಯ ಕಡೆಗೂ ಹೋಗುತ್ತದೆ, ನನ್ನ ವೃತ್ತಿಗೆ ಅಷ್ಟಾದರೂ ಸಮಾಧಾನ. ನಾವು ಕೊಳ್ಳುವ ಕೋಲು, ಗಾಲಿ, ಕೊಕ್ಕೆಯ ಮೇಲೆ ಒಂದು ತೆರಿಗೆಯಿದೆ. 1950ರಲ್ಲಿ ಅದನ್ನು ತಂದ ಇಬ್ಬರಲ್ಲಿ ಒಬ್ಬ ಡೆಟ್ರಾಯ್ಟಿನ ಸಂಸದ ಜಾನ್ ಡಿಂಗೆಲ್. ಹೊಳೆ ರಿಪೇರಿಗೆ ಬರುವ ಹಣ ಅದರದ್ದು, ಜೊತೆಗೆ ವರ್ಷಕ್ಕೆ 26 ಡಾಲರಿನ ಲೈಸೆನ್ಸಿನದ್ದು. ಹೊಸಬರು ಬರುವುದೇ ಬೇಡ ಅನ್ನುವವರು ಈ ಲೆಕ್ಕ ನೋಡುವುದಿಲ್ಲ.

ನಾನು ಹುಟ್ಟಿ ಬೆಳೆದ ಕಡೆ, ತುಂಗೆಯ ಚಿಬ್ಬಲಗುಡ್ಡೆಯಲ್ಲಿ, ಮೊಳದುದ್ದದ ಮೀನುಗಳು ಮೆಟ್ಟಿಲ ಬುಡಕ್ಕೇ ಬರುತ್ತವೆ. ಸಿದ್ಧಿವಿನಾಯಕನ ದೇವಸ್ಥಾನ, ದೇವರ ಮೀನು. ಇಡೀ ಜಿಲ್ಲೆಗೆ ಗೊತ್ತು. ಮಂಡಕ್ಕಿ ಎಸೆಯುತ್ತಾರೆ, ಗಾಳ ಎಸೆಯುವುದಿಲ್ಲ. ಹಿಡಿಯಬಾರದೆಂದು ನಮಗೆ ಯಾರೂ ಪಾಠ ಮಾಡಲಿಲ್ಲ, ಬೋರ್ಡು ಓದುವ ಮೊದಲೇ ಗೊತ್ತಿತ್ತು. ಜಾಗ ಎಲ್ಲರಿಗೂ ತಿಳಿದಿದ್ದರೂ ಉಳಿಯಬಹುದೆಂದು ನಾನು ನಂಬುವುದು ಅದನ್ನು ನೋಡಿಯೇ. ಹಾಗೆಂದು ದೇವರ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಶಿಶಿಲದ ಕಪಿಲಾ ನದಿಯಲ್ಲಿ ಇಂಥದೇ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಸತ್ತು ತೇಲಿದವು.

ಇಷ್ಟೆಲ್ಲ ಆದ ಮೇಲೆ ನಾನು ಇಟ್ಟುಕೊಂಡ ರೂಢಿ ಸರಳ. ದೊಡ್ಡ ನದಿಗಳ ಹೆಸರನ್ನು ಯಾರು ಕೇಳಿದರೂ ಹೇಳುತ್ತೇನೆ, ಇಗೋ ಇಲ್ಲಿ ಅಚ್ಚಿಗೂ ಕೊಟ್ಟಿದ್ದೇನೆ. ಔಸಾಬಲ್‌ಗೆ ಜನವನ್ನು ತಾಳುವ ಮೈಯಿದೆ, ಕಾಯ್ದೆಯಿದೆ, ವಕೀಲರಿದ್ದಾರೆ. ಹಾರಿ ದಾಟುವ ಹಳ್ಳಗಳಿಗೆ ಇದ್ಯಾವುದೂ ಇಲ್ಲ. ಅವುಗಳ ಹೆಸರು ನನ್ನ ಫೋನಿನಿಂದ ಹೊರಡುವುದಿಲ್ಲ. ತಿರುವು, ಮಡು, ಬಿದ್ದ ಮರದ ಗುರುತು ಇವು ಜೊತೆಗೆ ನಡೆದು ಬಂದವರಿಗೆ. ಇದು ಅಜ್ಜಂದಿರ ಗತ್ತೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಸ್ವಲ್ಪ ಹೌದು. ವ್ಯತ್ಯಾಸವೆಂದರೆ ಕೇಳಿದವರನ್ನೆಲ್ಲ ಕರೆದೊಯ್ಯಲು ನಾನು ತಯಾರಿದ್ದೇನೆ. ಕಾರಿನಲ್ಲಿ ಮೂರು ಸೀಟು ಖಾಲಿ ಇರುತ್ತವೆ.

ಇಲ್ಲಿನ ಪಂಪ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಹಿಡಿದುಕೊಂಡ. ಹೊಸದಾಗಿ ಕೆಲಸಕ್ಕೆ ಬಂದವನು. "ಸಾರ್, ನಿಮ್ಮ ಮೀನಿನ ಫೋಟೊ ನೋಡ್ದೆ. ಲೊಕೇಶನ್ ಕಳಿಸ್ರಿ, ಈ ವೀಕೆಂಡ್ ಹೋಗಿ ಬರ್ತೀವಿ."

"ಕಳಿಸಲ್ಲ, ಕರ್ಕೊಂಡು ಹೋಗ್ತೀನಿ. ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಮನೆ ಮುಂದೆ ನಿಂತಿರು."

"ನಾಲ್ಕಕ್ಕಾ?" ಎಂದು ಅವನ ಹೆಂಡತಿ ನಕ್ಕಳು. ಆದರೂ ಇಬ್ಬರೂ ಬಂದರು. ಸಾರ್ವಜನಿಕ ದಡದಲ್ಲಿ ಇಳಿಸಿ, ಎಸೆಯಲು ಕಲಿಸಿ, ಅವನ ಗಾಳ ಮರಕ್ಕೆ ಸಿಕ್ಕಿದಾಗಲೆಲ್ಲ ಬಿಡಿಸಿಕೊಟ್ಟೆ. ಅವಳೇ ಮೊದಲು ಹಿಡಿದಳು, ಗೇಣುದ್ದದ ಬ್ರೌನ್. ಬಿಡುವ ಮೊದಲು ಫೋಟೊ ತೆಗೆದುಕೊಂಡರು. ಹಿಂದೆ ಔಸಾಬಲ್ ಎಂದು ಬರೆದ ಸರ್ಕಾರಿ ಬೋರ್ಡು ಪೂರ್ತಿ ಕಾಣುವಂತೆ ನಾನೇ ನಿಲ್ಲಿಸಿದೆ. ವಾಪಸು ಬರುವಾಗ ಅವನು ಮೆಲ್ಲಗೆ, "ಆ ಸಣ್ಣ ಹಳ್ಳ ಇದೆಯಂತಲ್ಲ ಸಾರ್, ಕೆಂಪು ಚುಕ್ಕೆ ಮೀನಿಂದು?" ಎಂದ. ಆಗಸ್ಟ್‌ನಲ್ಲಿ ಹೊಳೆಗೆ ದಿಮ್ಮಿ ಇಳಿಸುವ ಕೆಲಸ ಇದೆ, ಮೊದಲು ಅದಕ್ಕೆ ಬಾ ಅಂದೆ. ಬರುತ್ತೇನೆ ಅಂದಿದ್ದಾನೆ. ಹೆಂಡತಿ, ಎಷ್ಟು ಜನಕ್ಕೆ ಬುತ್ತಿ ಕಟ್ಟಬೇಕು ಎಂದು ಕೇಳಿದಳು. ಇಪ್ಪತ್ತು ಜನ ಇರುತ್ತಾರೆ, ಮಿರ್ಚಿ ಬಜ್ಜಿ ಬೇಡ, ಅಮೆರಿಕದವರು ತಡೆಯಲಾರರು ಎಂದೆ. ದಾವಣಗೆರೆಯವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.